ಸಿಬಿಲ್ ಸ್ಕೋರ್ ಕೆಟ್ಟಿದೆ, ಈಗೇನು ಮಾಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಸಾಲದ ಅರ್ಜಿ ವಾಪಸ್ ಬಂದಾಗ ಹೆಚ್ಚಿನವರು ಸಿಬಿಲ್ ಸ್ಕೋರ್ ಅನ್ನುವ ಸಂಖ್ಯೆಯ ಹಿಂದೆ ಬೀಳುತ್ತಾರೆ. 640 ಇದೆ, 750 ಮಾಡೋದು ಹೇಗೆ ಅಂತ ಕೇಳುತ್ತಾರೆ. ಆ ಸಂಖ್ಯೆಯನ್ನು ನೇರವಾಗಿ ಮುಟ್ಟಲು ಯಾರಿಗೂ ಆಗುವುದಿಲ್ಲ. ಅದು ನಿಮ್ಮ ಕ್ರೆಡಿಟ್ ರಿಪೋರ್ಟ್‌ನಿಂದ, ಅಂದರೆ ನೀವು ಮಾಡಿದ ಸಾಲ, ಕಟ್ಟಿದ ಕಂತುಗಳ ದಾಖಲೆಯಿಂದ ಲೆಕ್ಕ ಹಾಕಿ ಬರುವಂಥದ್ದು. ಹಾಗಾಗಿ ಕೆಲಸ ನಡೆಯಬೇಕಾದದ್ದು ರಿಪೋರ್ಟ್ ಮೇಲೆ. ಅದರಲ್ಲಿ ತಪ್ಪು ಇದ್ದರೆ ತಿದ್ದಿಸಬೇಕು, ಬಾಕಿ ಇದ್ದರೆ ಕಟ್ಟಬೇಕು, ಉಳಿದದ್ದಕ್ಕೆ ಸಮಯ ಕೊಡಬೇಕು. ಕೆಳಗಿನ ಉತ್ತರಗಳೆಲ್ಲ ಈ ಲೆಕ್ಕದಲ್ಲೇ ಇವೆ.

ಬ್ಯಾಂಕಿನವರು ‘ಸಿಬಿಲ್ ಸರಿ ಇಲ್ಲ’ ಅಂತ ಕಳಿಸಿಬಿಟ್ಟರು. ಮೊದಲು ಏನು ಮಾಡಬೇಕು?

ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಇದೇ ಮೊದಲ ಕೆಲಸ. ಒಂದು ಕಡೆ ಆಗಲಿಲ್ಲ ಅಂತ ಅದೇ ವಾರ ನಾಲ್ಕು ಕಡೆ ಅರ್ಜಿ ಹಾಕಿದರೆ, ನಾಲ್ಕೂ ಕಡೆಯವರು ನಿಮ್ಮ ರಿಪೋರ್ಟ್ ತೆಗೆದು ನೋಡುತ್ತಾರೆ. ಆ ವಿಚಾರಣೆಗಳೆಲ್ಲ ರಿಪೋರ್ಟಿನಲ್ಲಿ ದಾಖಲಾಗುತ್ತವೆ. ಮುಂದೆ ನೋಡುವವರಿಗೆ ‘ಇವರಿಗೆ ದುಡ್ಡಿನ ತುರ್ತು ಜಾಸ್ತಿ ಇದೆ’ ಅನ್ನಿಸುತ್ತದೆ.

ಮಾಲ್‌ಗಳಲ್ಲಿ, ಪೆಟ್ರೋಲ್ ಬಂಕ್ ಹತ್ತಿರ ಟೇಬಲ್ ಹಾಕಿಕೊಂಡು ಕೂತವರಿಗೆ ಪ್ಯಾನ್ ನಂಬರ್, ಒಟಿಪಿ ಕೊಟ್ಟರೂ ಇದೇ ಕಥೆ. ನಿಮಗೆ ಒಂದು ಅರ್ಜಿ ಅನ್ನಿಸಿದ್ದು ಅಲ್ಲಿ ಮೂರು ಅರ್ಜಿ ಆಗಿರಬಹುದು.

ಅರ್ಜಿ ನಿಲ್ಲಿಸಿ, ಪೂರ್ತಿ ರಿಪೋರ್ಟ್ ತೆಗೆಯಿರಿ. ಫೋನ್ ಆ್ಯಪ್‌ನಲ್ಲಿ ಬರೀ ಸ್ಕೋರ್ ತೋರಿಸುವ ಬಣ್ಣದ ಮೀಟರ್ ಸಾಲದು. ಪ್ರತಿ ಸಾಲ, ಪ್ರತಿ ತಿಂಗಳು ಕಾಣುವ ಪಿಡಿಎಫ್ ಬೇಕು.

ರಿಪೋರ್ಟ್ ಎಲ್ಲಿ ಸಿಗುತ್ತದೆ? ದುಡ್ಡು ಕೊಡಬೇಕಾ?

ಭಾರತದಲ್ಲಿ ಕ್ರೆಡಿಟ್ ಮಾಹಿತಿ ಇಟ್ಟುಕೊಳ್ಳುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾಲ್ಕೂ 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯಡಿ ಆರ್‌ಬಿಐ ಅನುಮತಿ ಪಡೆದು ನಡೆಯುತ್ತವೆ. ಪ್ರತಿ ಕಂಪನಿಯೂ ವರ್ಷಕ್ಕೆ ಒಂದು ಸಲ ಸ್ಕೋರ್ ಸಹಿತ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು ಅಂತ ಆರ್‌ಬಿಐ ನಿಯಮ ಇದೆ. ಅಂದರೆ ಮೂರು ತಿಂಗಳಿಗೊಂದು ಕಂಪನಿಯಿಂದ ತೆಗೆದರೆ ಇಡೀ ವರ್ಷ ಪುಕ್ಕಟೆಯಾಗಿ ಕಣ್ಣಿಟ್ಟಿರಬಹುದು.

ಕಂಪನಿಯ ಸ್ವಂತ ವೆಬ್‌ಸೈಟಿಗೇ ಹೋಗಿ. ಅಲ್ಲಿ ತಿಂಗಳ ಚಂದಾದಾರಿಕೆ ಯೋಜನೆಗಳು ಎದ್ದು ಕಾಣುತ್ತವೆ, ಉಚಿತ ರಿಪೋರ್ಟಿನ ಲಿಂಕ್ ಮೂಲೆಯಲ್ಲಿರುತ್ತದೆ. ಸ್ವಲ್ಪ ಹುಡುಕಬೇಕು.

ನಾನೇ ಪದೇ ಪದೇ ನೋಡಿಕೊಂಡರೆ ಸ್ಕೋರ್ ಇಳಿಯುತ್ತದಂತೆ, ಹೌದಾ?

ಇಲ್ಲ. ನಿಮ್ಮ ರಿಪೋರ್ಟ್ ನೀವು ನೋಡಿಕೊಂಡರೆ ಏನೂ ಆಗುವುದಿಲ್ಲ. ಸಾಲದ ಅರ್ಜಿಯ ಮೇಲೆ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ನೋಡಿದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಸ್ಕೋರ್ ಎಷ್ಟಿದ್ದರೆ ಒಳ್ಳೆಯದು? ನಾಲ್ಕು ಕಡೆ ನಾಲ್ಕು ಥರ ಇದೆಯಲ್ಲ?

300ರಿಂದ 900ರವರೆಗೆ ಇರುತ್ತದೆ. 750 ದಾಟಿದ್ದರೆ ಹೆಚ್ಚಿನ ಬ್ಯಾಂಕುಗಳಿಗೆ ತಕರಾರಿಲ್ಲ. 700ರ ಆಸುಪಾಸಿನಲ್ಲಿ ಸಾಲ ಸಿಗಬಹುದು, ಬಡ್ಡಿ ಸ್ವಲ್ಪ ಜಾಸ್ತಿ ಬೀಳಬಹುದು. 650ಕ್ಕಿಂತ ಕೆಳಗಿದ್ದರೆ ಒದ್ದಾಟ. ಆದರೆ ಇಷ್ಟು ಇರಲೇಬೇಕು ಅನ್ನುವ ಒಂದೇ ಗೆರೆ ಇಲ್ಲ. ಪ್ರತಿ ಬ್ಯಾಂಕಿಗೂ ತನ್ನದೇ ಲೆಕ್ಕ.

ನಾಲ್ಕು ಕಂಪನಿಗಳ ಸೂತ್ರ ಬೇರೆ ಬೇರೆ, ಹಾಗಾಗಿ ಸ್ಕೋರ್ 20-30 ಅಂಕ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದರಲ್ಲಿ 760, ಇನ್ನೊಂದರಲ್ಲಿ 610 ಅಂತ ಇದ್ದರೆ ಮಾತ್ರ ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿರುವ ಯಾವುದೋ ಸಾಲ ಇನ್ನೊಂದರಲ್ಲಿ ಇರುವುದಿಲ್ಲ, ಇಲ್ಲವೇ ತಪ್ಪಾಗಿ ಇರುತ್ತದೆ.

ಸ್ಕೋರಿನ ಬೆಲೆ ದುಡ್ಡಿನಲ್ಲಿ ಎಷ್ಟು ಅಂತ ತಿಳಿಯಬೇಕಾದರೆ ಗೃಹಸಾಲದ ಲೆಕ್ಕ ನೋಡಿ. ಎಷ್ಟೋ ಬ್ಯಾಂಕುಗಳು ಗೃಹಸಾಲದ ಬಡ್ಡಿಯನ್ನೇ ಸ್ಕೋರಿಗೆ ಕಟ್ಟಿಹಾಕಿವೆ. 30 ಲಕ್ಷ, 20 ವರ್ಷ. ಬಡ್ಡಿ ಶೇ. 8.5 ಆದರೆ ಇಎಂಐ ಸುಮಾರು 26,035 ರೂಪಾಯಿ. ಶೇ. 9.25 ಆದರೆ ಸುಮಾರು 27,476. ತಿಂಗಳಿಗೆ 1,441 ರೂಪಾಯಿ ವ್ಯತ್ಯಾಸ ಅಷ್ಟೇ ಅಲ್ವಾ ಅನ್ನಿಸುತ್ತದೆ. 240 ತಿಂಗಳಿಗೆ ಅದು ಸುಮಾರು ಮೂರೂವರೆ ಲಕ್ಷ.

ರಿಪೋರ್ಟ್ ಕೈಗೆ ಬಂತು. ಹತ್ತಾರು ಪುಟ ಇದೆ, ಅದರಲ್ಲಿ ಏನು ನೋಡಬೇಕು?

ಮೊದಲ ಪುಟದ ಸ್ಕೋರ್ ಬಿಟ್ಟು ಮುಂದೆ ಹೋಗಿ. ಹೆಸರು, ಹುಟ್ಟಿದ ದಿನ, ಪ್ಯಾನ್, ಫೋನ್ ನಂಬರ್, ವಿಳಾಸ ನೋಡಿ. ನೀವು ಯಾವತ್ತೂ ಇರದ ಊರಿನ ವಿಳಾಸ, ನಿಮ್ಮದಲ್ಲದ ಫೋನ್ ನಂಬರ್ ಕಂಡರೆ ಅಲ್ಲೇ ಗುರುತು ಹಾಕಿ. ಬೇರೆಯವರ ಸಾಲ ನಿಮ್ಮ ತಲೆಗೆ ಬಂದಿದ್ದರೆ ಅದರ ಸುಳಿವು ಹೆಚ್ಚಾಗಿ ಇಲ್ಲೇ ಸಿಗುವುದು.

ಆಮೇಲೆ ಖಾತೆಗಳ ಪಟ್ಟಿ. ಪ್ರತಿ ಸಾಲಕ್ಕೂ ಮೂರು ವಿಷಯ ನೋಡಬೇಕು. ಇದು ನನ್ನದೇನಾ? ತೀರಿಸಿದ ಸಾಲಕ್ಕೆ ‘ಕ್ಲೋಸ್ಡ್’ ಅಂತ ಇದೆಯಾ? ಬಾಕಿ ಮೊತ್ತ ಸರಿ ಇದೆಯಾ?

ಕೊನೆಗೆ ತಿಂಗಳವಾರು ಚೌಕಗಳು. ಸಿಬಿಲ್ ರಿಪೋರ್ಟಿನಲ್ಲಿ ಹಿಂದಿನ 36 ತಿಂಗಳ ಕಂತಿನ ಚರಿತ್ರೆ ಇರುತ್ತದೆ. ಪ್ರತಿ ತಿಂಗಳ ಕೆಳಗೆ ಒಂದು ಅಂಕಿ. ಅದು ಕಂತು ಎಷ್ಟು ದಿನ ತಡವಾಗಿದೆ ಅನ್ನುವ ಲೆಕ್ಕ, ಬ್ಯಾಂಕಿನವರು ‘ಡಿಪಿಡಿ’ ಅನ್ನುತ್ತಾರೆ. 000 ಇದ್ದರೆ ಬಾಕಿ ಇಲ್ಲ. 030 ಅಂದರೆ 30 ದಿನ ತಡ. ‘ಎಕ್ಸ್ ಎಕ್ಸ್ ಎಕ್ಸ್’ ಅಂತ ಇದ್ದರೆ ಗಾಬರಿ ಬೇಡ, ಆ ತಿಂಗಳ ಮಾಹಿತಿಯನ್ನು ಬ್ಯಾಂಕ್ ಕೊಟ್ಟಿಲ್ಲ ಅಂತಷ್ಟೇ. 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ, ಅಲ್ಲಿಂದ ಮುಂದೆ ಚೌಕದಲ್ಲಿ ಅಂಕಿಯ ಬದಲು ‘ಸಬ್’, ‘ಡಿಬಿಟಿ’, ‘ಲಾಸ್’ ಥರದ ಗುರುತುಗಳೂ ಬರಬಹುದು.

ಸಾಲದ ಅಧಿಕಾರಿ ಈ ಚೌಕಗಳನ್ನು ಓದುತ್ತಾರೆ ಅನ್ನುವುದು ನೆನಪಿರಲಿ. ಎರಡು ವರ್ಷದ ಹಿಂದೆ ಒಂದು 030 ಇದ್ದು ಆಮೇಲೆ ಸಾಲಾಗಿ ಸೊನ್ನೆ ಇದ್ದರೆ ಅವರು ಮಾತಿಗೆ ಸಿಗುತ್ತಾರೆ. ಹೋದ ತಿಂಗಳು 060 ಇದ್ದರೆ ಸ್ಕೋರ್ ಎಷ್ಟಿದ್ದರೂ ಕಷ್ಟ.

ನಾನು ತೆಗೆದುಕೊಳ್ಳದ ಸಾಲ ನನ್ನ ಹೆಸರಿನಲ್ಲಿ ಕಾಣುತ್ತಿದೆ. ಹೇಗೆ ಬಂತು?

ಎರಡು ಕಾರಣ ಇರಬಹುದು. ಒಂದು, ಹೆಸರಿನ ಗೊಂದಲ. ಇದು ನಮ್ಮ ಕಡೆ ಸ್ವಲ್ಪ ಜಾಸ್ತಿಯೇ. ನಮ್ಮಲ್ಲಿ ಹೆಸರಿನ ಹಿಂದೆ ಇನಿಶಿಯಲ್ ಇರುತ್ತದೆ. ಒಬ್ಬರಿಗೆ ಅದು ಊರಿನ ಹೆಸರು, ಇನ್ನೊಬ್ಬರಿಗೆ ಅಪ್ಪನ ಹೆಸರು. ಪ್ಯಾನ್ ಕಾರ್ಡಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ಎಚ್. ಆರ್. ಮಂಜುನಾಥ’, ಆಧಾರ್‌ನಲ್ಲಿ ‘ಮಂಜುನಾಥ್ ಎಚ್ ಆರ್’, ಪ್ಯಾನ್‌ನಲ್ಲಿ ‘ಹಳ್ಳಿಕೆರೆ ರಾಮಯ್ಯ ಮಂಜುನಾಥ’. ಅದೇ ಹೆಸರಿನ, ಅದೇ ಜಿಲ್ಲೆಯ, ಜನವರಿ 1 ಅಥವಾ ಜೂನ್ 1 ಅಂತ ಹುಟ್ಟಿದ ದಿನ ಬರೆಸಿಕೊಂಡ ಇನ್ನೊಬ್ಬ ಮಂಜುನಾಥ ಇರುವುದು ಅಪರೂಪವೇನಲ್ಲ. ಹಳೆಯ ಸಾಲಗಳಲ್ಲಿ ಪ್ಯಾನ್ ಹಾಕದೆ ಬಿಟ್ಟಿದ್ದರೆ ಎರಡು ಮಂಜುನಾಥರ ಸಾಲ ಒಂದೇ ರಿಪೋರ್ಟಿನಲ್ಲಿ ಸೇರಿಕೊಳ್ಳಬಹುದು. ಇದನ್ನು ತಿದ್ದಿಸುವುದು ಅಷ್ಟೇನೂ ಕಷ್ಟವಲ್ಲ.

ಎರಡನೆಯದು ಮೋಸ. ನಿಮ್ಮ ಪ್ಯಾನ್, ಆಧಾರ್ ಪ್ರತಿ ಬಳಸಿ ಯಾರೋ ಸಾಲ ಎತ್ತಿರುತ್ತಾರೆ. ಆನ್‌ಲೈನ್ ಸಾಲದ ಆ್ಯಪ್‌ಗಳ ಕಾಲದಲ್ಲಿ 5,000, 10,000 ರೂಪಾಯಿಯ ಸಣ್ಣ ಸಾಲಗಳಲ್ಲಿ ಇದು ನಡೆಯುತ್ತದೆ. ಹೀಗಾಗಿದ್ದರೆ ‘ಸಣ್ಣ ಮೊತ್ತ, ಕಟ್ಟಿ ಮುಗಿಸೋಣ’ ಅನ್ನಬೇಡಿ. ಕಟ್ಟಿದರೆ ಸಾಲ ನಿಮ್ಮದೇ ಅಂತ ಒಪ್ಪಿದ ಹಾಗೆ ಕಾಣುತ್ತದೆ. ಸಾಲ ಕೊಟ್ಟ ಕಂಪನಿಗೆ ಬರಹದಲ್ಲಿ ದೂರು ಕೊಡಿ. ಅರ್ಜಿ, ದುಡ್ಡು ಹೋದ ಖಾತೆಯ ವಿವರ ಕೇಳಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಇಲ್ಲವೇ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಆ ದೂರಿನ ಪ್ರತಿಯನ್ನು ಕ್ರೆಡಿಟ್ ಕಂಪನಿಗೆ ಕೊಡುವ ದೂರಿನ ಜೊತೆ ಸೇರಿಸಿ.

ತಪ್ಪು ತಿದ್ದಿಸೋದು ಹೇಗೆ? ಎಷ್ಟು ದಿನ ಹಿಡಿಯುತ್ತದೆ?

ಕ್ರೆಡಿಟ್ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ಹಾಕುವ ಜಾಗ ಇದೆ. ಶುಲ್ಕ ಇಲ್ಲ. ಆದರೆ ಸಿಬಿಲ್ ಆಗಲಿ ಬೇರೆ ಕಂಪನಿ ಆಗಲಿ ತಾನಾಗಿ ಏನನ್ನೂ ಬದಲಿಸುವುದಿಲ್ಲ. ನಿಮ್ಮ ತಕರಾರನ್ನು ಆ ಬ್ಯಾಂಕಿಗೆ ಕಳಿಸುತ್ತದೆ. ಬ್ಯಾಂಕ್ ಹೌದು ಅಂದರೆ ತಿದ್ದುತ್ತದೆ, ಇಲ್ಲ ಅಂದರೆ ಹಾಗೇ ಬಿಡುತ್ತದೆ. ಆದ್ದರಿಂದ ಎರಡೂ ಕಡೆ ಒಟ್ಟಿಗೆ ಬರೆಯಿರಿ. ಸಾಲ ತೀರಿದ ಪತ್ರ, ಖಾತೆಯ ಸ್ಟೇಟ್‌ಮೆಂಟ್, ದುಡ್ಡು ಕಟ್ಟಿದ ರಸೀದಿ ಲಗತ್ತಿಸಿ. ಬ್ರಾಂಚ್‌ಗೆ ಹೋಗಿ ಬಾಯಿಮಾತಲ್ಲಿ ಹೇಳಿ ಬಂದರೆ ಅದಕ್ಕೆ ದಾಖಲೆ ಇರುವುದಿಲ್ಲ. ಈಮೇಲ್ ಮಾಡಿ, ಇಲ್ಲವೇ ಅರ್ಜಿಯ ಪ್ರತಿ ಮೇಲೆ ಸೀಲ್ ಹಾಕಿಸಿಕೊಳ್ಳಿ.

ಗಡುವು 30 ದಿನ. ಅದರಲ್ಲಿ ಬ್ಯಾಂಕಿಗೆ 21 ದಿನ. ದಾಟಿದರೆ ದಿನಕ್ಕೆ 100 ರೂಪಾಯಿ ನಿಮಗೆ ಪರಿಹಾರ ಕೊಡಬೇಕು. ಆರ್‌ಬಿಐ 2023ರ ಅಕ್ಟೋಬರ್‌ನಲ್ಲಿ ತಂದ ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ದೂರಿನಲ್ಲೇ ಒಂದು ಸಾಲು ಈ ನಿಯಮದ ಬಗ್ಗೆ ಬರೆದರೆ ಉತ್ತರದ ಧಾಟಿ ಬೇರೆ ಇರುತ್ತದೆ.

ಬ್ಯಾಂಕಿನವರು ಸೆಟಲ್‌ಮೆಂಟ್ ಮಾಡಿಕೊಳ್ಳಿ ಅಂತಿದ್ದಾರೆ. ಒಪ್ಪಬಹುದಾ?

ಹೆಚ್ಚಿನವರು ಎಡವುವುದು ಇಲ್ಲೇ. 1,20,000 ಬಾಕಿ ಇದೆ, 70,000 ಕಟ್ಟಿ ಮುಗಿಸಿ ಅನ್ನುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ಕಟ್ಟುತ್ತೀರಿ, ಫೋನ್ ಕಾಟ ನಿಲ್ಲುತ್ತದೆ. ಆದರೆ ರಿಪೋರ್ಟಿನಲ್ಲಿ ಆ ಸಾಲ ‘ಕ್ಲೋಸ್ಡ್’ ಆಗುವುದಿಲ್ಲ, ‘ಸೆಟಲ್ಡ್’ ಆಗುತ್ತದೆ. ಉಳಿದ 50,000 ಬ್ಯಾಂಕ್ ಕೈಬಿಟ್ಟಿತು ಅಂತ ಅದರ ಅರ್ಥ. ಮುಂದೆ ಸಾಲ ಕೇಳಿದಾಗ ಅಧಿಕಾರಿಯ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಇದಲ್ಲದೆ, ಆರ್‌ಬಿಐ 2023ರ ನಿಯಮದ ಪ್ರಕಾರ ಹೀಗೆ ರಾಜಿ ಮಾಡಿಕೊಂಡವರಿಗೆ ಅದೇ ಬ್ಯಾಂಕ್ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ. ಕೃಷಿ ಸಾಲಕ್ಕೆ ಮಾತ್ರ ಈ ಅವಧಿಯನ್ನು ಬ್ಯಾಂಕೇ ಗೊತ್ತುಮಾಡುತ್ತದೆ. ಲೋಕ ಅದಾಲತ್‌ನಲ್ಲಿ ಕಡಿಮೆ ಮೊತ್ತಕ್ಕೆ ಒಪ್ಪಿಕೊಂಡರೂ ಅದು ಸೆಟಲ್‌ಮೆಂಟೇ. ಅದಾಲತ್ ಆದೇಶ ಇದೆ ಅಂತ ರಿಪೋರ್ಟ್ ಬೆಳ್ಳಗಾಗುವುದಿಲ್ಲ.

ಹಾಗಂತ ಸೆಟಲ್‌ಮೆಂಟ್ ಯಾವತ್ತೂ ಬೇಡ ಅಂತ ನಾನು ಹೇಳುವುದಿಲ್ಲ. ಕೆಲಸ ಹೋಗಿದೆ, ಮನೆಯಲ್ಲಿ ಕಾಯಿಲೆ, ಪೂರ್ತಿ ಕಟ್ಟುವ ದಾರಿಯೇ ಇಲ್ಲ ಅಂದಾಗ ವರ್ಷಗಟ್ಟಲೆ ಬಾಕಿ ಬೆಳೆಸುವುದಕ್ಕಿಂತ ಅದೇ ಮೇಲು. ಆದರೆ ಪೂರ್ತಿ ಕಟ್ಟುವ ಶಕ್ತಿ ಇದ್ದೂ 50,000 ಉಳಿಸಲು ಒಪ್ಪಿಕೊಂಡರೆ, ನಾಳೆ ಗೃಹಸಾಲದಲ್ಲಿ ಅದರ ಎಷ್ಟೋ ಪಟ್ಟು ಕಳೆದುಕೊಳ್ಳಬಹುದು. ಬಡ್ಡಿ, ದಂಡ ಬಿಟ್ಟು ಅಸಲನ್ನು ಆರು ಕಂತಿನಲ್ಲಿ ಕಟ್ಟುತ್ತೇನೆ, ರಿಪೋರ್ಟಿನಲ್ಲಿ ಏನು ಅಂತ ಬರೆಯುತ್ತೀರಿ ಅಂತ ಕೇಳಿ ನೋಡಿ. ಎಷ್ಟೋ ಸಲ ಮಾತುಕತೆಗೆ ಜಾಗ ಇರುತ್ತದೆ. ಏನೇ ಒಪ್ಪಿದರೂ ಬ್ಯಾಂಕಿನ ಲೆಟರ್‌ಹೆಡ್ ಮೇಲೆ ಪತ್ರ ಬಂದ ಮೇಲೇ ದುಡ್ಡು ಕಟ್ಟಿ. ಏಜೆಂಟ್ ಕಳಿಸಿದ ವಾಟ್ಸ್ಆ್ಯಪ್ ಮೆಸೇಜ್ ಪತ್ರವಲ್ಲ. ಏಜೆಂಟ್‌ನ ಸ್ವಂತ ಫೋನ್ ನಂಬರಿಗೆ ಯುಪಿಐ ಮಾಡುವುದಂತೂ ಬೇಡವೇ ಬೇಡ.

ಹಳೆಯದೊಂದು ಸೆಟಲ್ಡ್ ಅಂತ ಇದೆ. ಈಗ ಕ್ಲೋಸ್ಡ್ ಮಾಡಿಸಬಹುದಾ?

ಆಗುತ್ತದೆ. ಅಂದು ಬಿಟ್ಟ ಮೊತ್ತವನ್ನು ಕಟ್ಟುತ್ತೇನೆ ಅಂತ ಬ್ಯಾಂಕಿಗೆ ಬರೆಯಿರಿ. ಕಟ್ಟಿದ ಮೇಲೆ ಬಾಕಿ ಇಲ್ಲ ಅನ್ನುವ ನೋ ಡ್ಯೂಸ್ ಪತ್ರ ತೆಗೆದುಕೊಂಡು ಸ್ಥಿತಿ ಬದಲಿಸಲು ಕೇಳಿ. ಕಟ್ಟುವ ಮೊದಲೇ ‘ಕ್ಲೋಸ್ಡ್ ಅಂತ ವರದಿ ಮಾಡುತ್ತೇವೆ’ ಅನ್ನುವ ಮಾತನ್ನು ಬರಹದಲ್ಲಿ ಪಡೆಯಿರಿ. ಹಳೆಯ ತಿಂಗಳುಗಳ ತಡದ ಅಂಕಿಗಳು ಹಾಗೇ ಉಳಿಯುತ್ತವೆ, ಅವು ನಿಜ ನಡೆದದ್ದು.

‘ರಿಟನ್ ಆಫ್’ ಅಂತ ಇದ್ದರೂ ಇದೇ ದಾರಿ. ಬ್ಯಾಂಕ್ ತನ್ನ ಪುಸ್ತಕದಲ್ಲಿ ನಷ್ಟ ಅಂತ ಬರೆದುಕೊಂಡಿದೆ ಅಷ್ಟೇ, ನಿಮ್ಮ ಸಾಲ ಮನ್ನಾ ಆಗಿಲ್ಲ. ಕೆಲವು ಸಲ ಬ್ಯಾಂಕ್ ಆ ಸಾಲವನ್ನು ಆಸ್ತಿ ಪುನರ್‌ರಚನಾ ಕಂಪನಿಗೆ, ಅಂದರೆ ಕೆಟ್ಟ ಸಾಲ ಕೊಂಡು ವಸೂಲಿ ಮಾಡುವ ಕಂಪನಿಗೆ ಮಾರಿರುತ್ತದೆ. ಆಗ ರಿಪೋರ್ಟಿನಲ್ಲಿ ನೀವು ಹೆಸರೇ ಕೇಳದ ಕಂಪನಿ ಕಾಣುತ್ತದೆ. ಹೆದರಬೇಡಿ, ಸಾಲ ಈಗ ಯಾರ ಬಳಿ ಇದೆ ಅಂತ ಮೂಲ ಬ್ಯಾಂಕಿನಿಂದ ಬರಹದಲ್ಲಿ ತಿಳಿದುಕೊಂಡು ಅವರಿಗೇ ಕಟ್ಟಿ.

ಭಾವಮೈದನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದೆ. ಅವನು ಕಟ್ಟಿಲ್ಲ, ನನ್ನ ಸ್ಕೋರ್ ಯಾಕೆ ಇಳಿಯಿತು?

ಜಾಮೀನು ಅಂದರೆ ಬರೀ ಸಹಿಯಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಬ್ಯಾಂಕ್ ಅವನನ್ನು ಬಿಟ್ಟು ನೇರವಾಗಿ ನಿಮ್ಮನ್ನೂ ಕೇಳಬಹುದು. ಸಾಲ ನಿಮ್ಮ ರಿಪೋರ್ಟಿನಲ್ಲೂ ‘ಗ್ಯಾರಂಟರ್’ ಅಂತ ಕಾಣುತ್ತದೆ, ಅವನ ತಡ ನಿಮಗೂ ಅಂಟುತ್ತದೆ.

ಮಧ್ಯದಲ್ಲಿ ‘ನನ್ನ ಹೆಸರು ತೆಗೆಯಿರಿ’ ಅಂದರೆ ಬ್ಯಾಂಕ್ ಸುಮ್ನೆ ತೆಗೆಯುವುದಿಲ್ಲ. ಬೇರೆ ಜಾಮೀನುದಾರ ಬೇಕು, ಇಲ್ಲವೇ ಸಾಲ ತೀರಬೇಕು. ಮನೆಮಂದಿ ನಡುವೆ ಇದು ಮಾತಾಡಲು ಕಷ್ಟದ ವಿಷಯ, ಗೊತ್ತು. ಆದರೆ ಕಂತು ತಪ್ಪಿದ ಮೊದಲ ತಿಂಗಳೇ ಮಾತಾಡುವುದು ಒಳ್ಳೆಯದು. ಮೂರು ಕಂತು ಬಾಕಿ ಬಿದ್ದ ಮೇಲೆ ದುಡ್ಡೂ ದೊಡ್ಡದು, ಜಗಳವೂ ದೊಡ್ಡದು.

ಜಂಟಿ ಸಾಲಕ್ಕೂ ಇದೇ ಲೆಕ್ಕ. ಮಗಳ ಶಿಕ್ಷಣ ಸಾಲಕ್ಕೆ ಅಪ್ಪ ಸಹ ಸಾಲಗಾರರಾಗಿದ್ದರೆ ಅವಳ ಕಂತು ಅವರ ರಿಪೋರ್ಟಿನಲ್ಲೂ ಇರುತ್ತದೆ. ಗಂಡ ಹೆಂಡತಿ ಅನ್ನುವ ಕಾರಣಕ್ಕೇ ಒಬ್ಬರ ಸ್ಕೋರ್ ಇನ್ನೊಬ್ಬರಿಗೆ ಅಂಟುವುದಿಲ್ಲ, ಒಟ್ಟಿಗೆ ಸಹಿ ಹಾಕಿದ ಸಾಲಕ್ಕೆ ಮಾತ್ರ.

ಕ್ರೆಡಿಟ್ ಕಾರ್ಡ್‌ನಲ್ಲಿ ಮಿನಿಮಮ್ ಡ್ಯೂ ಕಟ್ಟುತ್ತಾ ಬಂದಿದ್ದೇನೆ, ಆದರೂ ಸ್ಕೋರ್ ಏರಿಲ್ಲ. ಯಾಕೆ?

ಮಿನಿಮಮ್, ಅಂದರೆ ಬಿಲ್ಲಿನ ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ‘ತಡ’ ಅಂತ ದಾಖಲಾಗುವುದಿಲ್ಲ, ನಿಜ. ಆದರೆ ಸಾಲ ಕರಗುವುದೇ ಇಲ್ಲ. 40,000 ಬಿಲ್ ಅಂದುಕೊಳ್ಳಿ. ತಿಂಗಳಿಗೆ ಶೇ. 3.5 ಬಡ್ಡಿ ಅಂದರೆ 1,400, ಅದರ ಮೇಲೆ ಶೇ. 18 ಜಿಎಸ್‌ಟಿ 252. ಒಟ್ಟು 1,652. ನೀವು ಶೇ. 5ರಂತೆ ಕಟ್ಟಿದ್ದು 2,000. ಅಸಲಿಗೆ ಹೋದದ್ದು 348 ರೂಪಾಯಿ! ಕಾರ್ಡ್ ಯಾವಾಗಲೂ ತುಂಬಿಯೇ ಇರುತ್ತದೆ, ಅದು ಸ್ಕೋರಿಗೆ ಒಳ್ಳೆಯದಲ್ಲ.

ಮಿತಿಯಲ್ಲಿ ಎಷ್ಟು ಭಾಗ ಬಳಸಿದ್ದೀರಿ ಅನ್ನುವುದು ಸ್ಕೋರಿಗೆ ಮುಖ್ಯ. ಶೇ. 30ರೊಳಗೆ ಇರಲಿ ಅಂತ ಎಲ್ಲರೂ ಹೇಳುತ್ತಾರೆ. ಅದು ಕಾನೂನಲ್ಲ, ರೂಢಿಯ ಲೆಕ್ಕ, ಆದರೆ ಪಾಲಿಸಲು ಯೋಗ್ಯ. 50,000 ಮಿತಿಯ ಕಾರ್ಡಿನಲ್ಲಿ 45,000 ಬಳಸಿ ಪ್ರತಿ ತಿಂಗಳು ಪೂರ್ತಿ ಕಟ್ಟುವವರಿಗೂ ಬಿಲ್ ದಿನದ ಬಾಕಿ 45,000 ಅಂತಲೇ ವರದಿ ಆಗಬಹುದು. ಬಿಲ್ ಆಗುವ ಮೊದಲೇ ಸ್ವಲ್ಪ ಕಟ್ಟಿಬಿಟ್ಟರೆ ಇದು ಸರಿಹೋಗುತ್ತದೆ. ಇದು ಬೇಗ ಫಲ ಕೊಡುವ ಕೆಲಸಗಳಲ್ಲಿ ಒಂದು. ಬ್ಯಾಂಕುಗಳು 2025ರ ಜನವರಿಯಿಂದ ತಿಂಗಳಿಗೆ ಕನಿಷ್ಠ ಎರಡು ಸಲ ಕ್ರೆಡಿಟ್ ಕಂಪನಿಗಳಿಗೆ ಮಾಹಿತಿ ಕಳಿಸಬೇಕು, ಹಾಗಾಗಿ ಬಾಕಿ ಇಳಿದದ್ದು ಬೇಗ ಕಾಣುತ್ತದೆ.

ಬಳಸದ ಕಾರ್ಡಿನ ವಾರ್ಷಿಕ ಶುಲ್ಕ ಇನ್ನೊಂದು ಮುಳ್ಳು. 500 ರೂಪಾಯಿ ಶುಲ್ಕ ಕಟ್ಟದೆ, ದಂಡ ಸೇರಿ ವರ್ಷದಲ್ಲಿ ಸಾವಿರಾರು ಆಗಿ, ಕೊನೆಗೆ ಡಿಫಾಲ್ಟ್ ಅಂತ ದಾಖಲಾದ ಪ್ರಕರಣಗಳು ಎಷ್ಟೋ. ಬೇಡದ ಕಾರ್ಡನ್ನು ಡ್ರಾಯರ್‌ಗೆ ಹಾಕಬೇಡಿ, ಮುಚ್ಚಿಸಿ. ಬಾಕಿ ಇಲ್ಲದಿದ್ದರೆ ಬ್ಯಾಂಕ್ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಆದರೆ ನಿಮ್ಮ ಅತಿ ಹಳೆಯ, ಶುಲ್ಕವಿಲ್ಲದ ಕಾರ್ಡನ್ನು ಇಟ್ಟುಕೊಳ್ಳಿ. ಹಳೆಯ ಖಾತೆಗೆ ಬೆಲೆ ಇದೆ.

ಕಂತು ಎರಡು ದಿನ ತಡವಾಯಿತು. ಮುಗೀತಾ?

ಇಲ್ಲ. ಕಾರ್ಡ್ ಆದರೆ ಕೊನೆಯ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚಾದ ಮೇಲಷ್ಟೇ ತಡ ಅಂತ ವರದಿ ಮಾಡಬಹುದು. ಸಾಲದ ಇಎಂಐಗೆ ಈ ರಿಯಾಯಿತಿ ಇಲ್ಲ. ಇನ್ನೊಂದು ವಿಷಯ, ಭಾನುವಾರ ಬ್ಯಾಂಕ್ ರಜೆ, ಸೋಮವಾರ ದುಡ್ಡು ಹಾಕೋಣ ಅನ್ನುವ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. 2021ರ ಆಗಸ್ಟ್‌ನಿಂದ ರಜಾದಿನದಲ್ಲೂ ಇಎಂಐ ಕಟ್ ಆಗುತ್ತದೆ.

ನನಗೆ ಯಾರೂ ಕಾರ್ಡ್ ಕೊಡುತ್ತಿಲ್ಲ. ಸ್ಕೋರ್ ಬೆಳೆಸೋದು ಹೇಗೆ?

ಫಿಕ್ಸೆಡ್ ಡಿಪಾಸಿಟ್ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಿ. ಡಿಪಾಸಿಟ್ ಬ್ಯಾಂಕಿನಲ್ಲೇ ಇರುವುದರಿಂದ ಅವರಿಗೆ ಭಯವಿಲ್ಲ, ಸ್ಕೋರ್ ಕಡಿಮೆ ಇದ್ದರೂ ಕೊಡುತ್ತಾರೆ. ತಿಂಗಳಿಗೆ ಒಂದೆರಡು ಸಾವಿರದ ದಿನಸಿ ಅದರಲ್ಲಿ ತಂದು, ಪೂರ್ತಿ ಬಿಲ್ ಕಟ್ಟಿ. ಕೆಟ್ಟ ಸ್ಕೋರ್ ಇರುವವರಿಗೆ ನಾನು ಮೊದಲು ಹೇಳುವ ದಾರಿ ಇದೇ. ಸ್ಕೋರ್ ಬೆಳೆಸಲೆಂದೇ ಆ್ಯಪ್‌ನಿಂದ ಪರ್ಸನಲ್ ಲೋನ್ ತೆಗೆಯುವುದು ಮಾತ್ರ ದಂಡದ ಕೆಲಸ.

ಯಾವತ್ತೂ ಸಾಲ ಮಾಡದವರಿಗೆ ಸ್ಕೋರ್ ಜಾಗದಲ್ಲಿ ಮೈನಸ್ 1 ಅಥವಾ ‘ಎನ್‌ಎಚ್’ ಕಾಣಬಹುದು. ಅದು ಕೆಟ್ಟ ಸ್ಕೋರ್ ಅಲ್ಲ, ಚರಿತ್ರೆ ಇಲ್ಲ ಅಷ್ಟೇ. ಚರಿತ್ರೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರನ್ನು ತಿರಸ್ಕರಿಸಬಾರದು ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ.

ಸ್ತ್ರೀಶಕ್ತಿ ಸಂಘದ ಸಾಲ, ಬೆಳೆ ಸಾಲ, ಚಿನ್ನದ ಸಾಲ ಇವೆಲ್ಲ ಲೆಕ್ಕಕ್ಕೆ ಬರುತ್ತವಾ?

ಬ್ಯಾಂಕ್, ಫೈನಾನ್ಸ್ ಕಂಪನಿ, ಮೈಕ್ರೋಫೈನಾನ್ಸ್ ಕೊಟ್ಟ ಸಾಲವೆಲ್ಲ ಬರುತ್ತದೆ. ‘ಈಗ ಕೊಳ್ಳಿ, ಆಮೇಲೆ ಕಟ್ಟಿ’ ಅನ್ನುವ ಆ್ಯಪ್ ಸೌಲಭ್ಯವೂ ಸಾಲವೇ. ಊರಿನ ಚೀಟಿ, ಕೈಸಾಲ, ಮನೆ ಬಾಡಿಗೆ, ಬೆಸ್ಕಾಂ ಬಿಲ್ ಇವು ಸಾಮಾನ್ಯವಾಗಿ ಬರುವುದಿಲ್ಲ. ಸಂಬಳ, ಉಳಿತಾಯ ಖಾತೆಯ ದುಡ್ಡೂ ಸ್ಕೋರಿಗೆ ಸೇರುವುದಿಲ್ಲ.

ಗುಂಪಿನ ಸಾಲದಲ್ಲಿ ತೊಂದರೆ ಏನೆಂದರೆ, ಕಂತನ್ನು ವಾರವಾರ ಕೈಯಲ್ಲಿ ಕೊಟ್ಟಿರುತ್ತೀರಿ, ಅದು ಕಂಪನಿಗೆ ತಲುಪಿತೋ ಇಲ್ಲವೋ ಗೊತ್ತಿರುವುದಿಲ್ಲ. ಕಾರ್ಡಿನಲ್ಲಿ ಸಹಿ ಹಾಕಿಸಿಕೊಳ್ಳಿ, ಸಾಲ ತೀರಿದಾಗ ಪತ್ರ ಕೇಳಿ.

ಬೆಳೆ ಸಾಲ ಮನ್ನಾ ಆಗಿದ್ದರೂ ಬ್ಯಾಂಕಿನಿಂದ ನೋ ಡ್ಯೂಸ್ ಪತ್ರ ತೆಗೆದುಕೊಂಡು ರಿಪೋರ್ಟಿನಲ್ಲಿ ಖಾತೆ ಮುಚ್ಚಿದೆಯಾ ಅಂತ ನೋಡಿ. ಸರ್ಕಾರದ ಪಟ್ಟಿಯಲ್ಲಿ ಹೆಸರು ಬಂದಿದೆ ಅಂದಮಾತ್ರಕ್ಕೆ ಬ್ಯಾಂಕಿನ ಕಂಪ್ಯೂಟರಿನಲ್ಲಿ ಬಾಕಿ ಸೊನ್ನೆ ಆಗಿರುತ್ತದೆ ಅಂತಲ್ಲ.

ವಸೂಲಿಗೆ ಬರುವವರ ಕಾಟ ತಡೆಯಲಾಗುತ್ತಿಲ್ಲ.

ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ ಅಂತ ಆರ್‌ಬಿಐ 2022ರಲ್ಲಿ ಹೇಳಿದೆ. ಬೈಯುವುದು, ನೆಂಟರಿಗೆ, ಆಫೀಸಿಗೆ ಫೋನ್ ಮಾಡಿ ಮಾನ ಕಳೆಯುವುದು ತಪ್ಪು. ಕರೆ ರೆಕಾರ್ಡ್ ಮಾಡಿ, ಬ್ಯಾಂಕಿಗೆ ದೂರು ಕೊಡಿ. ಬೆದರಿಕೆ ಇದ್ದರೆ ಪೊಲೀಸರಿಗೂ ಕೊಡಿ. ಕಿರುಸಾಲದ ವಸೂಲಿ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಆದರೆ ಕಿರುಕುಳ ನಿಂತಿತು ಅಂತ ಬ್ಯಾಂಕಿನ ಬಾಕಿ ರಿಪೋರ್ಟಿನಿಂದ ಹೋಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

‘15 ದಿನದಲ್ಲಿ ಸ್ಕೋರ್ 800 ಮಾಡಿಕೊಡುತ್ತೇವೆ’ ಅಂತ ಒಬ್ಬರು 10,000 ಕೇಳುತ್ತಿದ್ದಾರೆ.

ಕೊಡಬೇಡಿ. ನಿಜವಾದ ಬಾಕಿಯನ್ನು ರಿಪೋರ್ಟಿನಿಂದ ಅಳಿಸುವ ಶಕ್ತಿ ಯಾವ ಏಜೆಂಟ್‌ಗೂ ಇಲ್ಲ. ತಪ್ಪು ಇದ್ದರೆ ಅವರು ಮಾಡುವುದೂ ನೀವು ಉಚಿತವಾಗಿ ಮಾಡಬಹುದಾದ ಅದೇ ಆನ್‌ಲೈನ್ ತಕರಾರು. ಜೊತೆಗೆ ನಿಮ್ಮ ಪ್ಯಾನ್, ಆಧಾರ್, ಒಟಿಪಿ ಅವರ ಕೈಗೆ ಹೋಗಿರುತ್ತದೆ.

ಹಾಗಾದರೆ ನಿಜಕ್ಕೂ ಎಷ್ಟು ಸಮಯ ಬೇಕು?

ಏನು ಕೆಟ್ಟಿದೆ ಅನ್ನುವುದರ ಮೇಲಿದೆ. ದಾಖಲೆಯ ತಪ್ಪು ಮಾತ್ರ ಆಗಿದ್ದರೆ ಒಂದೆರಡು ತಿಂಗಳು. ಕಾರ್ಡ್ ತುಂಬಿದ್ದರಿಂದ ಇಳಿದಿದ್ದರೆ ಬಾಕಿ ಕಡಿಮೆ ಮಾಡಿದ ಕೆಲವೇ ವಾರಗಳಲ್ಲಿ ಏರತೊಡಗುತ್ತದೆ. ಒಂದೆರಡು ಕಂತು ತಪ್ಪಿದ್ದರೆ, ಆಮೇಲೆ ತಪ್ಪದೆ ಕಟ್ಟಿದರೆ ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಎನ್‌ಪಿಎ, ಸೆಟಲ್ಡ್, ರಿಟನ್ ಆಫ್ ಇದ್ದರೆ ವರ್ಷಗಳ ಮಾತು. ಕ್ರೆಡಿಟ್ ಕಂಪನಿಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತವೆ. ಏಳು ವರ್ಷ ಸಾಲವೇ ಸಿಗುವುದಿಲ್ಲ ಅಂತಲ್ಲ. ಬಾಕಿ ಪೂರ್ತಿ ತೀರಿಸಿ, ಮೇಲೆ ಎರಡು ವರ್ಷದ ಸೊನ್ನೆ ಸಾಲು ತೋರಿಸಿದರೆ ಹಳೆಯ ಕಲೆಯ ತೂಕ ಕಡಿಮೆಯಾಗುತ್ತದೆ.

ಕೆಲಸಕ್ಕೂ ಸಿಬಿಲ್ ನೋಡುತ್ತಾರಂತೆ?

ಬ್ಯಾಂಕ್ ಕೆಲಸಕ್ಕೆ ನೋಡುತ್ತಾರೆ. ಸಾಲ, ಕಾರ್ಡ್ ಬಾಕಿ ಕಟ್ಟದೆ ಡಿಫಾಲ್ಟ್ ಆದವರು ನೇಮಕಕ್ಕೆ ಅರ್ಹರಲ್ಲ ಅಂತ ಎಸ್‌ಬಿಐ ಅಧಿಸೂಚನೆಗಳಲ್ಲಿ ಬರೆದಿರುತ್ತದೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಹುಡುಗರು, ಹುಡುಗಿಯರು ಕಾಲೇಜು ದಿನಗಳಲ್ಲಿ ತೆಗೆದ ಸಣ್ಣ ಆ್ಯಪ್ ಸಾಲ, ಶಿಕ್ಷಣ ಸಾಲ ಎರಡನ್ನೂ ಪರೀಕ್ಷೆ ಬರೆಯುವ ಮೊದಲೇ ಒಮ್ಮೆ ನೋಡಿಕೊಳ್ಳಿ.

ನಾನು ದುಬೈನಲ್ಲಿದ್ದೇನೆ. ಬೆಂಗಳೂರಿನ ಹಳೆಯ ಕಾರ್ಡ್ ಬಾಕಿ ಹಾಗೇ ಇದೆ.

ಅಲ್ಲಿನ ಸ್ಕೋರ್ ಬೇರೆ, ಇಲ್ಲಿನದು ಬೇರೆ. ಆದರೆ ಊರಲ್ಲಿ ಮನೆ ಕಟ್ಟಲು ಎನ್‌ಆರ್‌ಐ ಗೃಹಸಾಲ ಕೇಳಿದ ದಿನ ಈ ಕಾರ್ಡ್ ಎದುರಿಗೆ ಬರುತ್ತದೆ. ಈಮೇಲ್ ಮೂಲಕವೇ ಬಾಕಿಯ ವಿವರ ತರಿಸಿ ಮುಗಿಸಿ. ಹಳೆಯ ಭಾರತದ ಫೋನ್ ನಂಬರ್ ನಿಂತಿದ್ದರೆ ಮೊದಲು ಅದನ್ನು ಬದಲಿಸಿ, ಒಟಿಪಿ ಇಲ್ಲದೆ ರಿಪೋರ್ಟೂ ಸಿಗುವುದಿಲ್ಲ.

ದೂರು ಕೊಟ್ಟು ತಿಂಗಳಾಯಿತು. ಬ್ಯಾಂಕೂ ಉತ್ತರಿಸಿಲ್ಲ, ಸಿಬಿಲ್ಲೂ ಉತ್ತರಿಸಿಲ್ಲ. ಇನ್ನೆಲ್ಲಿ ಹೋಗಲಿ?

ಆರ್‌ಬಿಐ ಒಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಯ ಹತ್ತಿರ. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳ ಮೇಲಿನ ದೂರೂ ಅಲ್ಲಿ ನಡೆಯುತ್ತದೆ. ಮೊದಲು ಬ್ಯಾಂಕಿಗೆ ಅಥವಾ ಕ್ರೆಡಿಟ್ ಕಂಪನಿಗೆ ಬರೆದು 30 ದಿನ ಕಾದಿರಬೇಕು, ಇಲ್ಲವೇ ಅವರು ಕೊಟ್ಟ ಉತ್ತರ ನಿಮಗೆ ಒಪ್ಪಿಗೆ ಆಗಿರಬಾರದು. ನೇರವಾಗಿ ಹೋದರೆ ದೂರು ವಾಪಸ್ ಬರುತ್ತದೆ. ಆರ್‌ಬಿಐನ ದೂರು ವೆಬ್‌ಸೈಟ್ ಆದ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬಹುದು, ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ. ಹೇಗೆ ಹಾಕೋದು ಅಂತ ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ. ಮೊದಲು ಕೊಟ್ಟ ದೂರಿನ ನಂಬರ್ ಮತ್ತು ತಾರೀಕು, ತಪ್ಪು ಇರುವ ರಿಪೋರ್ಟಿನ ಪುಟ, ಸಾಲ ತೀರಿದ ಪತ್ರ ಈ ಮೂರು ಕೈಯಲ್ಲಿ ಇಟ್ಟುಕೊಂಡೇ ಕೂತುಕೊಳ್ಳಿ. ದಿನಕ್ಕೆ 100 ರೂಪಾಯಿ ಪರಿಹಾರವನ್ನೂ ಅದೇ ದೂರಿನಲ್ಲಿ ಕೇಳಿ.